ಹಾಲು ಕುಡಿಸಲು ಟಾಯ್ಲೆಟ್‌ಗೆ ಹೋಗಿ ಅಂದರು, ನಾನೂ ಹೋದೆ. ಈಗ ಸಿಟ್ಟು ಬರುತ್ತಿದೆ

ನಿದ್ದೆಗೆಟ್ಟ ಅಮ್ಮ

ಮಗುವಿಗೆ ನಾಲ್ಕು ತಿಂಗಳು. ಮೊನ್ನೆ ಅದರದ್ದೇ ಕಾಗದಪತ್ರದ ಕೆಲಸಕ್ಕೆ ಒಂದು ಕಚೇರಿಗೆ ಹೋಗಿದ್ದೆ. ಟೋಕನ್ ತಗೊಂಡು ಕೂತೆ. ನನ್ನ ಮುಂದೆ ಇಪ್ಪತ್ತು ಜನ. ಅರ್ಧ ಗಂಟೆ ಆಗುವಷ್ಟರಲ್ಲಿ ಮಗು ಮೊದಲು ಮುಷ್ಟಿ ಚೀಪಿತು, ಆಮೇಲೆ ಗೊಣಗಿತು, ಆಮೇಲೆ ಇಡೀ ಹಾಲ್ ತಿರುಗಿ ನೋಡುವ ಹಾಗೆ ಕಿರುಚಿತು. ಮೂಲೆಯ ಕುರ್ಚಿಗೆ ಹೋಗಿ, ಸ್ವಲ್ಪ ಗೋಡೆ ಕಡೆ ತಿರುಗಿ ಕೂತು ಕುಡಿಸಲು ಶುರು ಮಾಡಿದೆ. ಎರಡು ನಿಮಿಷ ಆಗಿರಬಹುದು. ಅಲ್ಲಿನ ಸಿಬ್ಬಂದಿ ಒಬ್ಬರು, ಹೆಂಗಸೇ, ಹತ್ತಿರ ಬಂದು ತುಂಬಾ ಮೆಲ್ಲಗೆ "ಮೇಡಂ, ಆ ಕಡೆ ಟಾಯ್ಲೆಟ್ ಇದೆ, ಅಲ್ಲಿ ಹೋಗಿ ಕುಡಿಸಿ, ಇಲ್ಲಿ ಜನ ಇದ್ದಾರಲ್ಲ" ಅಂದರು.

ನಾನು ಎದ್ದು ಹೋದೆ. ನನಗೆ ಈಗ ನುಂಗಲು ಆಗದೇ ಇರುವುದು ಅದೇ. ಒಂದು ಮಾತೂ ಆಡದೆ, "ಸಾರಿ" ಅಂತ ಬೇರೆ ಹೇಳಿ ಹೋದೆ! ಕಮೋಡಿನ ಮುಚ್ಚಳ ಹಾಕಿ ಅದರ ಮೇಲೆ ಕೂತೆ. ಬ್ಯಾಗ್ ಇಡಲು ಜಾಗ ಇಲ್ಲ, ನೆಲ ಒದ್ದೆ, ಹೊರಗೆ ಯಾರೋ ಬಾಗಿಲು ಬಡಿಯುತ್ತಿದ್ದರು. ಪ್ರತಿ ಸಲ ಬಡಿದಾಗಲೂ ಮಗು ಬೆಚ್ಚಿ ಬಾಯಿ ಬಿಡುತ್ತಿತ್ತು. ಹಾಲೂ ಸರಿಯಾಗಿ ಬರಲಿಲ್ಲ. ಕೊನೆಗೆ ಇಬ್ಬರೂ ಅತ್ತೆವು.

ವಾಪಸ್ ಬಂದಾಗ ಕಣ್ಣಿಗೆ ಬಿದ್ದದ್ದು ಏನು ಗೊತ್ತಾ? ನಾನು ಮೊದಲು ಕೂತಿದ್ದ ಕುರ್ಚಿಯ ಮೇಲ್ಗಡೆ ಗೋಡೆಯಲ್ಲಿ ದೊಡ್ಡ ಪೋಸ್ಟರ್. ನಗುವ ತಾಯಿ, ಮಡಿಲಲ್ಲಿ ಮಗು, ಕೆಳಗೆ "ತಾಯಿಯ ಹಾಲೇ ಅಮೃತ".

ಮನೆಯಲ್ಲಿ ಹೇಳಿದೆ. ಗಂಡ "ಹೋಗ್ಲಿ ಬಿಡು, ಅವರೂ ಒಳ್ಳೇ ಮಾತಲ್ಲೇ ಹೇಳಿದ್ದಾರೆ" ಅಂದರು. ಅತ್ತೆ ಮಾತ್ರ ಒಂದು ಮಾತು ಹೇಳಿದರು, ಅದು ತಲೆಯಲ್ಲಿ ಕೂತುಬಿಟ್ಟಿದೆ: "ನಾನು ಮೂರು ಮಕ್ಕಳಿಗೆ ನಾಲ್ಕು ಜನರ ನಡುವೆಯೇ ಕೂತು ಕುಡಿಸಿದವಳು, ಒಬ್ಬರೂ ತಿರುಗಿ ನೋಡಲಿಲ್ಲ. ಆಗ ಈ ಪೋಸ್ಟರೂ ಇರಲಿಲ್ಲ."

ನನ್ನ ಪ್ರಶ್ನೆ ಇಷ್ಟೇ. ಹೊರಗಡೆ ಕುಡಿಸುವಾಗ ನೀವೆಲ್ಲ ಏನು ಮಾಡುತ್ತೀರಿ? ಮೇಲೆ ಬಟ್ಟೆ ಹೊದ್ದುಕೊಳ್ಳಲೇಬೇಕಾ? ಯಾರಾದರೂ ಎದ್ದು ಹೋಗಿ ಅಂದರೆ ಏನು ಹೇಳುತ್ತೀರಿ? ಇನ್ನೆರಡು ತಿಂಗಳಿಗೆ ಕೆಲಸಕ್ಕೂ ಹೋಗಬೇಕು, ಅದನ್ನು ನೆನೆಸಿಕೊಂಡರೇ ಎದೆ ಧಸಕ್ಕನ್ನುತ್ತದೆ. ಅಥವಾ ನಾನೇ ಇದನ್ನೆಲ್ಲ ಜಾಸ್ತಿ ಮಾಡುತ್ತಿದ್ದೇನಾ?

ಇಬ್ಬರನ್ನು ಸಾಕಿದವಳು

ಜಾಸ್ತಿ ಏನೂ ಮಾಡುತ್ತಿಲ್ಲ. ನೀವು ಟಾಯ್ಲೆಟ್‌ನಲ್ಲಿ ಕೂತು ಊಟ ಮಾಡುತ್ತೀರಾ? ಇಲ್ಲ ಅಲ್ವಾ. ಮಗು ಯಾಕೆ ಮಾಡಬೇಕು?

ಎದ್ದು ಹೋದೆ ಅಂತ ನಿಮ್ಮ ಮೇಲೆ ನೀವೇ ಸಿಟ್ಟಾಗಬೇಡಿ. ಮೊದಲ ಮಗುವಿನಲ್ಲಿ ನಾನೂ ಹೋಗಿದ್ದೇನೆ. ಟಾಯ್ಲೆಟ್, ಕಾರಿನ ಹಿಂದಿನ ಸೀಟು, ಬಟ್ಟೆ ಅಂಗಡಿಯ ಟ್ರಯಲ್ ರೂಮ್, ಒಂದು ಸಲ ಮದುವೆ ಮನೆಯಲ್ಲಿ ಪಾತ್ರೆ ಇಟ್ಟಿದ್ದ ಕೋಣೆ. ಆ ಕೋಣೆಯಲ್ಲಿ ಮುಕ್ಕಾಲು ಗಂಟೆ ಒಬ್ಬಳೇ ಕೂತಿದ್ದೆ, ಹೊರಗೆ ಎಲ್ಲರೂ ಫೋಟೋ ತೆಗೆಸಿಕೊಳ್ಳುತ್ತಿದ್ದರು. ಆ ಫೋಟೋಗಳಲ್ಲಿ ಒಂದರಲ್ಲೂ ನಾನಿಲ್ಲ. ಎರಡನೇ ಮಗುವಿಗೆ ಅಷ್ಟು ತಾಳ್ಮೆ ಉಳಿದಿರಲಿಲ್ಲ, ಎಲ್ಲಿ ಹಸಿವಾಯಿತೋ ಅಲ್ಲೇ ಕೂತೆ.

ಬಟ್ಟೆ ವಿಷಯ. ನಿಮಗೆ ಹಾಯಾಗಿರುತ್ತದೆ ಅಂದರೆ ಹೊದ್ದುಕೊಳ್ಳಿ, ಬೇರೆಯವರಿಗೋಸ್ಕರ ಬೇಡ. ನನ್ನ ಮಗಳು ಮುಖದ ಮೇಲೆ ಏನು ಬಿದ್ದರೂ ಕೈಯಲ್ಲಿ ಕಿತ್ತು ಎಸೆಯುತ್ತಿದ್ದಳು. ಸುಮ್ಮನೆ ಕುಡಿಸಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ, ಆ ಬಟ್ಟೆಯ ಜೊತೆ ಗುದ್ದಾಟ ನೋಡಿಯೇ ಎಲ್ಲರೂ ತಿರುಗುತ್ತಿದ್ದರು. ಮೇಲೊಂದು ಸಡಿಲ ಅಂಗಿ, ಒಳಗೆ ಕೆಳಕ್ಕೆ ಜಾರಿಸಬಹುದಾದ ಇನ್ನೊಂದು. ಮೇಲಿನದನ್ನು ಸ್ವಲ್ಪ ಎತ್ತಿದರೆ ಉಳಿದದ್ದನ್ನು ಮಗುವಿನ ತಲೆಯೇ ಮುಚ್ಚುತ್ತದೆ. ಮನೆಯಲ್ಲಿ ಕನ್ನಡಿ ಮುಂದೆ ಕೂತು ಒಂದು ಸಲ ನೋಡಿಕೊಳ್ಳಿ. ಏನೂ ಕಾಣಲ್ಲ ಅಂತ ನಿಮ್ಮ ಕಣ್ಣಿಗೇ ಕಂಡರೆ ಅರ್ಧ ಭಯ ಹೋಗುತ್ತದೆ.

ಯಾರಾದರೂ ಹೇಳಿದರೆ ನನ್ನ ಉತ್ತರ ಒಂದೇ: "ಹತ್ತು ನಿಮಿಷ, ಮುಗಿಸಿ ಏಳುತ್ತೇನೆ." ವಾದ ಇಲ್ಲ, ಸಾರಿ ಇಲ್ಲ. ಹೇಳಿ ಮಗುವಿನ ಮುಖ ನೋಡುತ್ತಾ ಕೂರುವುದು. ನಿಂತು ಜಗಳ ಮಾಡುವಷ್ಟು ಪುರುಸೊತ್ತು ಯಾರಿಗೂ ಇರುವುದಿಲ್ಲ, ಹೋಗುತ್ತಾರೆ.

ಸಭ್ಯತೆ ಇರಲಿ

ಎಲ್ಲರೂ ಬೈಯುತ್ತೀರಿ ಅಂತ ಗೊತ್ತಿದ್ದೂ ಬರೆಯುತ್ತಿದ್ದೇನೆ. ಎದೆಹಾಲಿಗೆ ನನ್ನ ವಿರೋಧ ಏನೂ ಇಲ್ಲ, ಒಳ್ಳೆಯದೇ. ಆದರೆ ಎದುರಿಗೆ ಕೂತ ನಮಗೂ ಮುಜುಗರ ಆಗುತ್ತದೆ ಅನ್ನುವುದನ್ನು ಯಾರೂ ಯೋಚಿಸುವುದಿಲ್ಲ. ನೋಡಿದರೆ ಕೆಟ್ಟವನು, ಎದ್ದು ಹೋದರೆ ಅವಮಾನ ಮಾಡಿದ ಹಾಗೆ. ಕಣ್ಣು ಎಲ್ಲಿಡಬೇಕು ಸ್ವಾಮಿ? ಮನೆಯಿಂದ ಹೊರಡುವ ಮುಂಚೆ ಕುಡಿಸಿಕೊಂಡು ಬರಬಹುದಲ್ಲ. ಈಗ ಪಂಪ್ ಇದೆ, ತೆಗೆದು ಬಾಟಲಿಯಲ್ಲಿ ಹಾಕಿಕೊಂಡು ಬಂದರೆ ಯಾರಿಗೂ ತೊಂದರೆ ಇಲ್ಲ. ಸ್ವಲ್ಪ ಪ್ಲಾನ್ ಮಾಡಿದರೆ ಆಯಿತು.

ಹೆರಿಗೆ ವಾರ್ಡಿನ ನರ್ಸ್

ಸರ್, ಬೈಯುವುದಿಲ್ಲ. ನಿಮ್ಮ ಪ್ರಶ್ನೆ ದಿನಾ ಕೇಳುವಂಥದ್ದೇ, ಬಾಣಂತಿಯರ ಗಂಡಂದಿರೇ ಕೇಳುತ್ತಾರೆ.

ಹುಟ್ಟಿದ ಮೊದಲ ವಾರಗಳಲ್ಲಿ ಮಗು ದಿನಕ್ಕೆ 8ರಿಂದ 12 ಸಲ ಕುಡಿಯುತ್ತದೆ. ಲೆಕ್ಕ ಹಾಕಿ, ಎರಡು ಮೂರು ಗಂಟೆಗೊಂದು ಸಲ. ನಾಲ್ಕು ತಿಂಗಳಿಗೆ ಸ್ವಲ್ಪ ಕಡಿಮೆ ಆಗಬಹುದು, ಆದರೆ ಟೈಮ್ ಟೇಬಲ್ ಅಂತೂ ಇರುವುದಿಲ್ಲ. ಕೆಲವು ದಿನ ಸಂಜೆ ಹೊತ್ತು ಅರ್ಧರ್ಧ ಗಂಟೆಗೆ ಕೇಳುತ್ತದೆ. ಬೆಳವಣಿಗೆ ಜೋರಾಗಿರುವ ದಿನಗಳು ಅವು. ಕುಡಿಸಿಕೊಂಡೇ ಹೊರಟರೂ ಕ್ಯೂ ಉದ್ದ ಇದ್ದರೆ ಮಗುವಿಗೆ ಅದನ್ನು ವಿವರಿಸಿ ಹೇಳಲು ಆಗಲ್ಲ.

ಪಂಪ್ ವಿಷಯ. ತೆಗೆದ ಹಾಲು ಹೊರಗಡೆ ಸುಮಾರು 4 ಗಂಟೆ ಇರುತ್ತದೆ, ಅದೂ ಸೆಕೆ ಜಾಸ್ತಿ ಇಲ್ಲದಿದ್ದರೆ. ಫ್ರಿಜ್‌ನಲ್ಲಿ 4 ದಿನ. ಸರಿ, ಬಾಟಲಿ ತಂದಳು ಅಂದುಕೊಳ್ಳಿ. ಮಗು ಬಾಟಲಿಯಿಂದ ಕುಡಿಯಿತು. ಆದರೆ ಆ ಹೊತ್ತಿಗೆ ತುಂಬಿದ ಎದೆ ಹಾಗೇ ಉಳಿಯಿತಲ್ಲ? ಕಲ್ಲಿನ ಹಾಗಾಗುತ್ತದೆ, ನೋಯುತ್ತದೆ, ಬಟ್ಟೆ ಒದ್ದೆಯಾಗುತ್ತದೆ. ಹಾಗೇ ಬಿಟ್ಟರೆ ಹಾಲು ಕಟ್ಟಿಕೊಂಡು, ಎದೆ ಕೆಂಪಾಗಿ ಚಳಿಜ್ವರ ಬರುವುದೂ ಇದೆ. ಇನ್ನೊಂದು, ಹಾಲು ಖಾಲಿಯಾದಷ್ಟೂ ತಯಾರಾಗುತ್ತದೆ. ಉಳಿದರೆ "ಇಷ್ಟು ಬೇಕಿಲ್ಲ" ಅಂತ ದೇಹ ಕಡಿಮೆ ಮಾಡುತ್ತಾ ಹೋಗುತ್ತದೆ. ಒಂದು ದಿನ ತಪ್ಪಿದರೆ ಏನಾಗಲ್ಲ, ಆದರೆ ಹೊರಗೆ ಹೋದಾಗಲೆಲ್ಲ ತಪ್ಪಿಸಿದರೆ ಆಗುತ್ತದೆ.

ಟಾಯ್ಲೆಟ್‌ನಲ್ಲಿ ಹಾಲು ಸರಿಯಾಗಿ ಬರಲಿಲ್ಲ ಅಂದರಲ್ಲ, ಅದು ನಿಮ್ಮ ಭ್ರಮೆ ಅಲ್ಲಮ್ಮ. ಎದೆಯಲ್ಲಿರುವ ಹಾಲು ಇಳಿಯಲು ಆಕ್ಸಿಟೋಸಿನ್ ಅನ್ನುವ ಹಾರ್ಮೋನು ಬೇಕು. ಗಾಬರಿ, ನೋವು, ನಾಚಿಕೆ ಆದಾಗ ಅದು ಬರುವುದಕ್ಕೆ ತಡೆಯಾಗುತ್ತದೆ. ಹಾಲು ಇರುತ್ತದೆ, ಇಳಿಯುವುದಿಲ್ಲ. ವಾರ್ಡಿನಲ್ಲಿ ಇದನ್ನು ಕಣ್ಣಾರೆ ನೋಡುತ್ತೇನೆ. ಹಾಸಿಗೆ ಸುತ್ತ ಆರು ಜನ ನೆಂಟರು ನಿಂತು "ಹಾಲು ಬಂತಾ? ಸಾಲುತ್ತಾ?" ಅಂತ ಕೇಳುತ್ತಿದ್ದರೆ ಒಂದು ಹನಿ ಬರಲ್ಲ. ಅವರನ್ನೆಲ್ಲ ಟೀ ಕುಡಿಯಲು ಕಳಿಸಿದ ಹತ್ತು ನಿಮಿಷಕ್ಕೆ ಬರುತ್ತದೆ. ಅವರಿಗೆ ನಾನು ಸಿಡುಕಿ, ಇರಲಿ.

ನಿಮಗೆ ಒಂದು ಕಿವಿಮಾತು. ಅಳು ಹಸಿವಿನ ಕೊನೆಯ ಲಕ್ಷಣ. ಮುಷ್ಟಿ ಚೀಪುವುದು, ಬಾಯಿ ತೆರೆದು ತಲೆ ಆ ಕಡೆ ಈ ಕಡೆ ತಿರುಗಿಸುವುದು, ಇವು ಮೊದಲು ಬರುತ್ತವೆ. ನೀವೇ ಬರೆದಿದ್ದೀರಿ, ಮೊದಲು ಮುಷ್ಟಿ ಚೀಪಿತು ಅಂತ. ಆಗಲೇ ಎತ್ತಿಕೊಂಡಿದ್ದರೆ ಇಡೀ ಹಾಲ್ ತಿರುಗುತ್ತಲೇ ಇರಲಿಲ್ಲ. ಜನರನ್ನು ತಿರುಗಿಸುವುದು ಅಳು. ಆದರೆ ಹೊರಗಡೆ ಇದ್ದಾಗ ಎಲ್ಲ ತಾಯಂದಿರೂ "ಇನ್ನು ಸ್ವಲ್ಪ ತಡೆಯುತ್ತೇನೋ" ಅಂತ ಕಾಯುತ್ತಾರೆ, ನಾಚಿಕೆಗೆ. ಕಾದಷ್ಟೂ ಕಷ್ಟ. ಕಿರುಚುತ್ತಿರುವ ಮಗು ಎದೆಯನ್ನು ಸರಿಯಾಗಿ ಬಾಯಿಗೆ ತಗೊಳ್ಳುವುದೂ ಇಲ್ಲ.

ಪುಸ್ತಕದ ಹುಳ

ನಿಮ್ಮ ಅತ್ತೆಯವರ ಮಾತು ಹಿಡಿದುಕೊಂಡು ಒಂದು ಉದ್ದ ಪ್ರವಚನ ಕೊಡುತ್ತೇನೆ, ಬೇಡದವರು ದಾಟಿಕೊಂಡು ಹೋಗಿ.

"ಹಳೇ ಕಾಲದವರು ಮಡಿವಂತರು, ನಾವು ಮುಂದುವರಿದವರು" ಅಂತ ಅಂದುಕೊಂಡಿದ್ದೇವೆ. ಈ ವಿಷಯದಲ್ಲಿ ಲೆಕ್ಕ ತಲೆಕೆಳಗು. ನಮ್ಮ ಭಾಷೆಯನ್ನೇ ನೋಡಿ. 12ನೇ ಶತಮಾನದ ವಚನದಲ್ಲಿ "ಮೊಲೆವಾಲು" ಅಂತ ನೇರವಾಗಿ ಬರುತ್ತದೆ, ಅದೂ ಭಕ್ತಿಯ ಮಾತಿನ ನಡುವೆ. ಈಗ ಆ ಪದ ನಾಲ್ಕು ಜನರ ಮುಂದೆ ಹೇಳಲು ನಾಲಿಗೆ ತಡವರಿಸುತ್ತದೆ. ಎದೆಹಾಲು ಅನ್ನುತ್ತೇವೆ, ಅದಕ್ಕೂ ನಾಚಿಕೆಯಾದರೆ "ಫೀಡಿಂಗ್" ಅನ್ನುತ್ತೇವೆ. ಪದ ಒಂದೊಂದೇ ಹೆಜ್ಜೆ ಹಿಂದೆ ಸರಿದಿದೆ.

ಹಾಗಂತ ಹಿಂದೆ ಎಲ್ಲವೂ ಚೆನ್ನಾಗಿತ್ತು ಅಂತಲ್ಲ. ಯುರೋಪಿನಲ್ಲಿ ಶ್ರೀಮಂತರ ಮನೆಯ ಹೆಂಗಸರು ಸ್ವತಃ ಹಾಲು ಕುಡಿಸುವುದು ಕೀಳು ಅನ್ನುವ ಕಾಲ ಇತ್ತು. ಕೂಲಿ ಕೊಟ್ಟು ಬಡ ದಾದಿಯರ ಹತ್ತಿರ ಕುಡಿಸುತ್ತಿದ್ದರು. ಆ ದಾದಿಯ ಸ್ವಂತ ಮಗುವಿಗೆ ಏನು ಸಿಗುತ್ತಿತ್ತು ಅಂತ ಕೇಳಿದವರು ಕಡಿಮೆ. ಸ್ವೀಡನ್ನಿನ ವಿಜ್ಞಾನಿ ಲಿನೇಯಸ್ 1752ರಲ್ಲಿ ಈ ಪದ್ಧತಿಯ ವಿರುದ್ಧ ಬರೆದ. ಅದೇ ಮನುಷ್ಯ 1758ರಲ್ಲಿ ಪ್ರಾಣಿಗಳಿಗೆ ಹೆಸರಿಡುವಾಗ ನಮ್ಮನ್ನೂ ಹಸುವನ್ನೂ ತಿಮಿಂಗಿಲವನ್ನೂ ಒಂದೇ ಗುಂಪಿಗೆ ಸೇರಿಸಿದ. ಕೂದಲಿನ ಹೆಸರು ಇಡಬಹುದಿತ್ತು, ಕಿವಿಯ ಹೆಸರು ಇಡಬಹುದಿತ್ತು, ಅವನು ಆರಿಸಿದ್ದು ಮೊಲೆಯನ್ನು. ಶಾಲೆಯಲ್ಲಿ ಓದಿದೆವಲ್ಲ, ಸಸ್ತನಿಗಳು. ಆ ಪದದ ಅರ್ಥ ಏನು ಅಂತ ಯಾವ ಮೇಷ್ಟ್ರೂ ಬಿಡಿಸಿ ಹೇಳಲಿಲ್ಲ. ಪರೀಕ್ಷೆಯಲ್ಲಿ ಬರೆದು ಎರಡು ಅಂಕ ತಗೊಂಡೆವು ಅಷ್ಟೇ.

1860ರ ದಶಕದಲ್ಲಿ ಎದೆಹಾಲಿನ ಬದಲು ಕೊಡುವ ಡಬ್ಬಿ ಆಹಾರ ಬಂತು. ಅದು ಬಂದದ್ದು ತಪ್ಪಲ್ಲ, ತಾಯಿ ಇಲ್ಲದ ಮಕ್ಕಳಿಗೆ ಅದರಿಂದ ಜೀವ ಉಳಿದಿದೆ. ಆಮೇಲೆ ಅದನ್ನು ಮಾರಿದ ರೀತಿ ಬೇರೆ ಕಥೆ. ಕಂಪನಿಯವರು ಮಾರಾಟದ ಹೆಂಗಸರಿಗೆ ನರ್ಸಿನ ಬಟ್ಟೆ ತೊಡಿಸಿ ಬಾಣಂತಿಯರ ಹತ್ತಿರ ಕಳಿಸುತ್ತಿದ್ದರು. ಸಿಸಿಲಿ ವಿಲಿಯಮ್ಸ್ ಅನ್ನುವ ವೈದ್ಯೆ 1939ರಲ್ಲಿ ಸಿಂಗಪುರದಲ್ಲಿ ಭಾಷಣಕ್ಕೆ ನಿಂತು, ಹೀಗೆ ಮಕ್ಕಳಿಗೆ ಸಲ್ಲದ ಹಾಲು ಮಾರುವುದು ಕೊಲೆಗೆ ಸಮ ಅಂದುಬಿಟ್ಟರು. ಅದೂ ಊರಿನ ದೊಡ್ಡ ಮನುಷ್ಯರು ಕೂತಿದ್ದ ಸಭೆಯಲ್ಲಿ. ಕೊಳೆ ನೀರಲ್ಲಿ ಕಲಸಿದ, ದುಡ್ಡು ಉಳಿಸಲು ನೀರು ಜಾಸ್ತಿ ಮಾಡಿದ ಹಾಲು ಕುಡಿದು ಮಕ್ಕಳು ಸಾಯುವುದನ್ನು ಅವರು ನೋಡಿದ್ದರು. ಜಗತ್ತು ಎಚ್ಚರಗೊಳ್ಳಲು ಇನ್ನೂ ನಾಲ್ಕು ದಶಕ ಬೇಕಾಯಿತು. 1981ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಈ ಡಬ್ಬಿಗಳ ಜಾಹೀರಾತಿಗೆ ಲಗಾಮು ಹಾಕುವ ಸಂಹಿತೆಯನ್ನು ಒಪ್ಪಿತು. ಪರವಾಗಿ 118 ಮತ, ವಿರುದ್ಧ ಒಂದೇ ಒಂದು, ಅಮೆರಿಕದ್ದು.

ಅದೇ ಅಮೆರಿಕದಲ್ಲಿ 1970ರ ದಶಕದ ಶುರುವಿನಲ್ಲಿ ನಾಲ್ಕು ತಾಯಂದಿರಲ್ಲಿ ಒಬ್ಬರಷ್ಟೇ ಎದೆಹಾಲು ಕುಡಿಸಲು ಶುರು ಮಾಡುತ್ತಿದ್ದರು. ಅಂದರೆ ಒಂದಿಡೀ ತಲೆಮಾರು ಅಮ್ಮ, ಚಿಕ್ಕಮ್ಮ, ಪಕ್ಕದ ಮನೆಯವರು ಹಾಲು ಕುಡಿಸುವುದನ್ನು ನೋಡದೆಯೇ ಬೆಳೆಯಿತು. ಮುಜುಗರ ಹುಟ್ಟುವುದು ಅಲ್ಲೇ ಅಂತ ನನ್ನ ಅನಿಸಿಕೆ. ದಿನಾ ಕಣ್ಣಿಗೆ ಬೀಳುವುದನ್ನು ಯಾರೂ ದಿಟ್ಟಿಸುವುದಿಲ್ಲ. ಜಾಹೀರಾತಿನಲ್ಲಿ, ಸಿನಿಮಾದಲ್ಲಿ ಎದೆ ಅಂದರೆ ಒಂದೇ ಅರ್ಥ ಅಂತ ಕಲಿತವರಿಗೆ ಅದರ ಇನ್ನೊಂದು ಕೆಲಸ ಕಂಡಾಗ ಕಣ್ಣು ಎಲ್ಲಿಡಬೇಕು ಅಂತ ತೋಚುವುದಿಲ್ಲ. ಮೇಲೆ ಒಬ್ಬರು ಕೇಳಿದ್ದಾರಲ್ಲ, ಕಣ್ಣು ಎಲ್ಲಿಡಬೇಕು ಅಂತ. ಯಾರಾದರೂ ಊಟ ಮಾಡುವಾಗ ಎಲ್ಲಿಡುತ್ತೀರೋ ಅಲ್ಲೇ ಇಡಿ ಸರ್.

ಡಬ್ಬಿ ಹಾಲಿನ ಅಮ್ಮ

ಇದನ್ನು ಬರೆಯಬೇಕೋ ಬೇಡವೋ ಅಂತ ಎರಡು ದಿನ ಯೋಚಿಸಿದೆ. ಎಲ್ಲರೂ ಎದೆಹಾಲಿನ ಪರ ಮಾತಾಡುತ್ತಿರುವ ಕಡೆ ನಾನು ಬಾಟಲಿ ಹಿಡಿದು ಒಳಗೆ ಬಂದ ಹಾಗೆ ಅನಿಸುತ್ತಿದೆ.

ನನ್ನ ಮಗ 32 ವಾರಕ್ಕೇ ಹುಟ್ಟಿದ. ನನಗೆ ರಕ್ತಸ್ರಾವ ಆಗಿ ನಾನು ಒಂದು ಕಡೆ ಐಸಿಯು, ಅವನು ಇನ್ನೊಂದು ಕಡೆ. ಐದನೇ ದಿನ ಅವನ ಮುಖ ನೋಡಿದೆ. ಮೂರು ಗಂಟೆಗೊಮ್ಮೆ ಅಲಾರಂ ಇಟ್ಟು ಪಂಪ್ ಮಾಡಿದೆ, ರಾತ್ರಿ ಎರಡಕ್ಕೆ, ಐದಕ್ಕೆ. ಇಪ್ಪತ್ತು ನಿಮಿಷ ಕೂತರೆ ಬಾಟಲಿಯ ತಳ ಒದ್ದೆಯಾಗುತ್ತಿತ್ತು ಅಷ್ಟೇ. ಆ ಎರಡು ಚಮಚ ಹಾಲನ್ನು ಗಂಡ ಎದೆಗೆ ಅವುಚಿಕೊಂಡು ಮಗುವಿನ ವಾರ್ಡಿಗೆ ಓಡುತ್ತಿದ್ದರು. ಒಂದು ದಿನ ಕೈತಪ್ಪಿ ಚೆಲ್ಲಿತು. ನಾನು ಅವತ್ತು ಅತ್ತ ಹಾಗೆ ಜೀವನದಲ್ಲಿ ಯಾವತ್ತೂ ಅತ್ತಿಲ್ಲ. ಆರು ವಾರಕ್ಕೆ ಕೈ ಬಿಟ್ಟೆ. ಮಗ ಡಬ್ಬಿ ಹಾಲು ಕುಡಿದು ತೂಕ ಏರಿಸಿಕೊಂಡ, ಈಗ ನಾಲ್ಕು ವರ್ಷ, ಮನೆಯ ಪರದೆ ಹಿಡಿದು ನೇತಾಡುತ್ತಾನೆ.

ನಿಮ್ಮನ್ನು ಟಾಯ್ಲೆಟ್‌ಗೆ ಕಳಿಸಿದರು. ನನ್ನನ್ನು ಯಾರೂ ಎಲ್ಲಿಗೂ ಕಳಿಸಲಿಲ್ಲ, ಎಲ್ಲರ ಮಧ್ಯೆ ಕೂರಿಸಿಕೊಂಡೇ ವಿಚಾರಣೆ ಮಾಡಿದರು. ಬಾಟಲಿ ತೆಗೆದರೆ ಸಾಕು, "ಅಯ್ಯೋ, ಹಾಲಿಲ್ವಾ?" ಬಸ್ಸಿನಲ್ಲಿ ಪಕ್ಕ ಕೂತ, ಹೆಸರೂ ಗೊತ್ತಿಲ್ಲದವರು ನನ್ನ ಎದೆ ನೋಡಿ ಕೇಳುತ್ತಾರೆ. "ಫಿಗರ್ ಹಾಳಾಗುತ್ತೆ ಅಂತ ಕೊಡ್ತಿಲ್ವೇನೋ" ಅಂದ ನೆಂಟರೂ ಇದ್ದಾರೆ, ನಗುತ್ತಾ ಅಂದರು, ತಮಾಷೆ ಅಂತೆ. ಮಗುವಿಗೆ ಸ್ವಲ್ಪ ಶೀತ ಆದರೂ "ತಾಯಿ ಹಾಲು ಸಿಗಲಿಲ್ಲವಲ್ಲ, ಅದಕ್ಕೇ". ಬಾಟಲಿ ಕುದಿಸಿ, 70 ಡಿಗ್ರಿಗೆ ಕಡಿಮೆ ಇಲ್ಲದ ಬಿಸಿ ನೀರಲ್ಲಿ ಪುಡಿ ಕಲಸಿ, ಆರಿಸಿ, ಮಣಿಕಟ್ಟಿನ ಮೇಲೆ ಹನಿ ಹಾಕಿ ನೋಡಿ ಕುಡಿಸುವುದು ರಾತ್ರಿ ಮೂರು ಗಂಟೆಗೆ ಎಂಥ ಕೆಲಸ ಅಂತ ಇವರಿಗೆ ಗೊತ್ತಿಲ್ಲ. ಸುಲಭದ ದಾರಿ ಹಿಡಿದಳು ಅನ್ನುತ್ತಾರೆ.

"ಅಮೃತ" ಅನ್ನುವ ಪದ ಕಂಡರೆ ನನಗೆ ಮೈ ಉರಿಯುತ್ತದೆ. ಹಾಲು ಒಳ್ಳೆಯದಲ್ಲ ಅಂತ ನನ್ನ ವಾದ ಅಲ್ಲ. ಅಮೃತ ಅಂದುಬಿಟ್ಟರೆ ಕೊಡದವಳು ಏನು ಕೊಟ್ಟ ಹಾಗಾಯಿತು ಹೇಳಿ? ಆ ಪೋಸ್ಟರ್ ಹಾಕಿದವರೇ ನಿಮ್ಮನ್ನು ಎಬ್ಬಿಸಿದರು, ಅದೇ ಪೋಸ್ಟರ್ ತೋರಿಸಿ ನನ್ನನ್ನು ಬೈದರು. ತಾಯಿಯ ಎದೆ ಊರ ಆಸ್ತಿ ಅಂದುಕೊಂಡಿದ್ದಾರೆ. ಕೊಟ್ಟರೂ ಮಾತು, ಕೊಡದಿದ್ದರೂ ಮಾತು.

ಹೆರಿಗೆ ವಾರ್ಡಿನ ನರ್ಸ್

ಡಬ್ಬಿ ಹಾಲಿನ ಅಮ್ಮ, ನಿಮ್ಮ ಹಾಗೆ ಪಂಪ್ ಮಾಡುವವರನ್ನು ನಾನು ನೋಡಿದ್ದೇನೆ. ಆ ಎರಡು ಚಮಚವೂ ಕಡಿಮೆ ಅಲ್ಲ, ಅಷ್ಟು ಸಣ್ಣ ಮಗುವಿಗೆ ಅದು ಔಷಧಿ. ಮೊದಲ ದಿನಗಳ ಹಳದಿ ಹಾಲು ಇರುವುದೇ ಚಮಚದ ಲೆಕ್ಕದಲ್ಲಿ, ರೋಗ ತಡೆಯುವ ಅಂಶ ತುಂಬಿರುತ್ತದೆ. ಎಷ್ಟೋ ಕಡೆ ಬಣ್ಣ ನೋಡಿ ಅದನ್ನು ಹಿಂಡಿ ಚೆಲ್ಲುತ್ತಿದ್ದರು, ಕೆಟ್ಟ ಹಾಲು ಅಂತ. ಈಗಲೂ ಚೆಲ್ಲುವವರಿದ್ದಾರೆ. ಹುಟ್ಟಿದ ಒಂದು ಗಂಟೆಯೊಳಗೆ ಕುಡಿಸಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ಈ ಹಾಲಿಗೋಸ್ಕರವೇ.

"ಕೊಡುತ್ತಿಲ್ಲ" ಅನ್ನುವುದಕ್ಕೂ "ಕೊಡಲು ಆಗುತ್ತಿಲ್ಲ" ಅನ್ನುವುದಕ್ಕೂ ಇರುವ ವ್ಯತ್ಯಾಸ ಕೇಳಿ ತಿಳಿದುಕೊಳ್ಳಬೇಕಾದದ್ದು ಡಾಕ್ಟರ್ ಮಾತ್ರ. ಬಸ್ಸಿನವರಿಗೆ ಅದರ ಉಸಾಬರಿ ಬೇಡ.

ಅಪ್ಪನಾಗಿ ಒಂದು ವರ್ಷ

ಗಂಡಸಿನ ಕಡೆಯಿಂದ ಒಂದೆರಡು ಮಾತು. ನಿಮ್ಮ ಯಜಮಾನರು "ಹೋಗ್ಲಿ ಬಿಡು" ಅಂದರಲ್ಲ, ನಾನೂ ಅಂದಿದ್ದೆ. ಆಮೇಲೆ ಒಂದು ಸಲ ರೈಲಿನಲ್ಲಿ ಹೆಂಡತಿ ಕುಡಿಸುವಾಗ ಎದುರು ಸೀಟಿನವನು ಫೋನನ್ನು ಒಂಥರಾ ಓರೆಯಾಗಿ ಹಿಡಿದದ್ದು ಕಂಡಿತು. ಫೋಟೋ ತೆಗೆದನೋ ಇಲ್ಲವೋ ಇವತ್ತಿಗೂ ಗೊತ್ತಿಲ್ಲ. ನಾನು ಎದ್ದು ಅವನ ಮುಂದೆಯೇ ನಿಂತೆ, ಕೂತ ಸೀಟು ಬಿಟ್ಟು, ಮುಕ್ಕಾಲು ಗಂಟೆ. ಅವಳು ಆ ಮುಕ್ಕಾಲು ಗಂಟೆಯಲ್ಲಿ ಹೇಳಿದ್ದು ಒಂದೇ ಮಾತು, "ನನಗೆ ಇದು ದಿನಾ". ಆಮೇಲೆ ನಾನು "ಬಿಡು" ಅನ್ನುವುದನ್ನು ಬಿಟ್ಟೆ.

ಇಂಗ್ಲೆಂಡಿನಲ್ಲಿ ಹಾಲು ಕುಡಿಸುವ ತಾಯಿಯ ಫೋಟೋವನ್ನು ಕೆಟ್ಟ ಉದ್ದೇಶದಿಂದ ಕೇಳದೆ ತೆಗೆಯುವುದನ್ನು ಅಪರಾಧ ಅಂತ 2022ರಲ್ಲಿ ಕಾನೂನು ಮಾಡಿದರು. ಸ್ಕಾಟ್ಲೆಂಡ್ 2005ರಲ್ಲೇ ಇನ್ನೊಂದು ಮಾಡಿತ್ತು, ಎರಡು ವರ್ಷದೊಳಗಿನ ಮಗುವಿಗೆ ಸಾರ್ವಜನಿಕ ಜಾಗದಲ್ಲಿ ಹಾಲು ಕುಡಿಸುವುದನ್ನು ತಡೆದವರಿಗೇ ದಂಡ. ಓದಿದಾಗ, ಕುಡಿಸುವವಳನ್ನು ಎಬ್ಬಿಸುವುದು ಎಲ್ಲ ಕಡೆಯೂ ಇರುವ ಚಾಳಿ, ಇಲ್ಲದಿದ್ದರೆ ಕಾನೂನು ಯಾಕೆ ಬೇಕಿತ್ತು ಅನಿಸಿತು.

ಆಸ್ಟ್ರೇಲಿಯಾದ ಕಥೆ ನನಗೆ ಇಷ್ಟ. 2003ರಲ್ಲಿ ವಿಕ್ಟೋರಿಯಾ ರಾಜ್ಯದ ಶಾಸಕಿ ಕರ್ಸ್ಟಿ ಮಾರ್ಷಲ್ ಸದನದಲ್ಲಿ ಕೂತು ಹಸುಗೂಸಿಗೆ ಹಾಲು ಕೊಟ್ಟರು. ಹೊರಗೆ ಕಳಿಸಿದರು. ಕಾರಣ ಕೇಳಿದರೆ ನಗು ಬರುತ್ತದೆ, ಸದಸ್ಯರಲ್ಲದ "ಅಪರಿಚಿತರು" ಸದನದೊಳಗೆ ಇರುವ ಹಾಗಿಲ್ಲವಂತೆ. ಆ ಅಪರಿಚಿತ ವ್ಯಕ್ತಿಗೆ ಇನ್ನೂ ತಿಂಗಳು ತುಂಬಿರಲಿಲ್ಲ! 2017ರಲ್ಲಿ ಅದೇ ದೇಶದ ಸಂಸತ್ತಿನಲ್ಲಿ ಲಾರಿಸಾ ವಾಟರ್ಸ್ ಮಗಳಿಗೆ ಹಾಲು ಕುಡಿಸುತ್ತಾ ಕೂತರು, ಯಾರೂ ಎಬ್ಬಿಸಲಿಲ್ಲ. ನಿಯಮ ಮೊದಲೇ ಬದಲಾಗಿತ್ತು.

ನಾವು ಈಗ ಮಾಡುವುದು: ಎಲ್ಲಿಗೆ ಹೋದರೂ ಅವಳಿಗೆ ಒಳಗಿನ ಸೀಟು, ನನಗೆ ಹೊರಗಿನದು. ನೀರಿನ ಬಾಟಲಿ ನನ್ನ ಕೈಯಲ್ಲಿ, ಕುಡಿಸುವಾಗ ಸಿಕ್ಕಾಪಟ್ಟೆ ಬಾಯಾರಿಕೆ ಆಗುತ್ತದೆ ಅವಳಿಗೆ. ಯಾರಾದರೂ ಏನಾದರೂ ಹೇಳಲು ಬಂದರೆ ನಾನು ಮಾತಾಡುತ್ತೇನೆ. ತೇಗಿಸುವ ಕೆಲಸವೂ ನನ್ನದೇ, ಅಂಗಿಯ ಭುಜ ಒಂದೂ ಉಳಿದಿಲ್ಲ.

ಸಭ್ಯತೆ ಇರಲಿ

ಪಂಪ್ ಬಗ್ಗೆ ನನಗೆ ಅಷ್ಟು ಗೊತ್ತಿರಲಿಲ್ಲ, ಒಪ್ಪಿಕೊಳ್ಳುತ್ತೇನೆ. ಬಾಟಲಿಯಲ್ಲಿ ಹಾಕಿದರೆ ಮುಗಿಯಿತು ಅಂದುಕೊಂಡಿದ್ದೆ. ಟಾಯ್ಲೆಟ್‌ಗೆ ಕಳಿಸಿದ್ದು ತಪ್ಪು, ಅದರಲ್ಲಿ ಎರಡು ಮಾತಿಲ್ಲ. ಆದರೂ ಅಂಥ ಕಡೆ ಒಂದು ಕೋಣೆ ಇರಬೇಕು, ಇದ್ದರೆ ಯಾರಿಗೂ ಸಮಸ್ಯೆ ಇಲ್ಲ. ನನ್ನ ಮುಜುಗರ ಒಂದು ದಿನಕ್ಕೆ ಹೋಗುವುದಿಲ್ಲ. ಬೆಳೆದ ರೀತಿ ಹಾಗೆ.

ಇಬ್ಬರನ್ನು ಸಾಕಿದವಳು

ಕೋಣೆ ಇರಲಿ ಸರ್, ಬೇಕು. ಮುದುಡಿಕೊಂಡು ಕೂರಲು ಇಷ್ಟ ಇಲ್ಲದವರು, ಗಲಾಟೆಯಲ್ಲಿ ಕುಡಿಯದ ಮಗು ಇರುವವರು ಹೋಗುತ್ತಾರೆ. ಆದರೆ ಕೋಣೆ ಆದ ಮೇಲೆ "ಕೋಣೆ ಇದೆಯಲ್ಲ, ಇಲ್ಲಿ ಯಾಕೆ?" ಅಂತ ಶುರುವಾಗುತ್ತದೆ ನೋಡಿ, ಅದು ಬೇಡ. ಎಷ್ಟೋ ಕಡೆ ಆ ಕೋಣೆಗೆ ಬೀಗ, ಬೀಗದ ಕೈ ಇರುವವರು ಊಟಕ್ಕೆ ಹೋಗಿರುತ್ತಾರೆ.

ಕೆಲಸಕ್ಕೆ ಮರಳಿದವಳು

ಕೆಲಸದ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ. ಹೆರಿಗೆ ರಜೆ ಮುಗಿಸಿ ಹೋದ ಮೊದಲ ದಿನ ಮಧ್ಯಾಹ್ನದ ಮೀಟಿಂಗಿನಲ್ಲಿ ಅಂಗಿ ಒದ್ದೆಯಾಯಿತು. ಫೈಲು ಎದೆಗೆ ಹಿಡಿದುಕೊಂಡು ಎರಡು ಗಂಟೆ ಕೂತೆ. ಪಂಪ್ ಮಾಡಲು ಕೊಟ್ಟ ಜಾಗ ಹಳೇ ಕಂಪ್ಯೂಟರ್ ಪೇರಿಸಿದ್ದ ಸ್ಟೋರ್ ರೂಮ್. ಒಳಗಿನ ಚಿಲಕ ಇರಲಿಲ್ಲ. ಕುರ್ಚಿಯನ್ನು ಬಾಗಿಲಿಗೆ ಒತ್ತಿ ಅದರ ಮೇಲೆ ನಾನೇ ಕೂರುತ್ತಿದ್ದೆ. "ಮತ್ತೆ ಬ್ರೇಕಾ?" ಅಂತ ಒಬ್ಬರು ದಿನಾ ಕೇಳುತ್ತಿದ್ದರು. ಅವರು ದಿನಕ್ಕೆ ಐದು ಸಲ ಸಿಗರೇಟಿಗೆ ಹೋಗುತ್ತಾರೆ, ಅದನ್ನು ಯಾರೂ ಲೆಕ್ಕ ಇಟ್ಟಿಲ್ಲ.

ನನಗೆ ಆಮೇಲೆ ಗೊತ್ತಾಯಿತು, ಅಂತಾರಾಷ್ಟ್ರೀಯ ಕಾರ್ಮಿಕ ಸಂಸ್ಥೆ 1919ರಲ್ಲೇ, ಹೌದು ನೂರು ವರ್ಷಕ್ಕೂ ಹಿಂದೆ, ಹಾಲು ಕುಡಿಸುವ ತಾಯಿಗೆ ಕೆಲಸದ ಹೊತ್ತಿನಲ್ಲಿ ದಿನಕ್ಕೆ ಎರಡು ಸಲ ಅರ್ಧರ್ಧ ಗಂಟೆ ಕೊಡಬೇಕು ಅಂತ ಬರೆದಿಟ್ಟಿದೆ. 2000ದ ಒಪ್ಪಂದದಲ್ಲಿ ಆ ಹೊತ್ತನ್ನು ಕೆಲಸದ ಹೊತ್ತು ಅಂತಲೇ ಲೆಕ್ಕ ಹಿಡಿದು ಸಂಬಳ ಕೊಡಿ ಅಂತಲೂ ಇದೆ. ಎಲ್ಲ ದೇಶಗಳೂ ಸಹಿ ಹಾಕಿಲ್ಲ, ಆ ಮಾತು ಬೇರೆ. ಅಮೆರಿಕದ 2010ರ ಕಾನೂನಿನಲ್ಲಿ ಒಂದು ಸಾಲಿದೆ, ಪಂಪ್ ಮಾಡಲು ಕೊಡುವ ಜಾಗ "ಶೌಚಾಲಯ ಆಗಿರಬಾರದು" ಅಂತ. ಕಾನೂನಿನಲ್ಲಿ ಬರೆದು ಹೇಳಬೇಕಾಯಿತು ಅಂದರೆ ನೋಡಿ.

ನಿಮಗೆ ಉಪಯೋಗ ಆಗುವ ಮಾತು: ಹೋಗುವ ಒಂದು ತಿಂಗಳು ಮುಂಚೆಯೇ ಜಾಗ ಮತ್ತು ಹೊತ್ತು ಎರಡನ್ನೂ ಬರೆದು ಕೇಳಿ. ಬಾಯಲ್ಲಿ ಕೇಳಿದರೆ "ನೋಡೋಣ" ಅನ್ನುತ್ತಾರೆ. ಕ್ಯಾಲೆಂಡರಿನಲ್ಲಿ ಆ ಹೊತ್ತನ್ನು ಮೊದಲೇ ತುಂಬಿಸಿ, ಹೆಸರು ಏನು ಬೇಕಾದರೂ ಕೊಡಿ. ಫ್ರಿಜ್‌ನಲ್ಲಿ ಹೊರಗಡೆ ಕಾಣದ ಡಬ್ಬಿಯಲ್ಲಿ ಇಡಿ. ನನ್ನದನ್ನು ಒಬ್ಬ ಕಾಫಿಗೆ ಹಾಕಿಕೊಳ್ಳಲು ಹೊರಟಿದ್ದ. ತಡೆಯಬಾರದಿತ್ತು ಅಂತ ಈಗ ಅನಿಸುತ್ತದೆ.

ಇನ್ನೊಂದಕ್ಕೂ ತಯಾರಾಗಿರಿ. ಆರು ತಿಂಗಳವರೆಗೆ ಬರೀ ಎದೆಹಾಲು, ಆಮೇಲೆ ಊಟದ ಜೊತೆ ಎರಡು ವರ್ಷ ಅಥವಾ ಅದಕ್ಕೂ ಜಾಸ್ತಿ ಕುಡಿಸಬಹುದು ಅನ್ನುವುದು ವಿಶ್ವ ಆರೋಗ್ಯ ಸಂಸ್ಥೆಯ ಸಲಹೆ. ಜನರ ಲೆಕ್ಕ ಬೇರೆ. ವರ್ಷ ತುಂಬುವವರೆಗೆ "ಕುಡಿಸ್ತಿದ್ದೀಯಾ ತಾನೇ?" ಅಂದವರೇ ವರ್ಷ ತುಂಬಿದ ಮಾರನೇ ದಿನದಿಂದ "ಇನ್ನೂ ಕುಡಿಸ್ತಿದ್ದೀಯಾ?" ಅನ್ನುತ್ತಾರೆ. ಪ್ರಶ್ನೆ ಅದೇ, ರಾಗ ಮಾತ್ರ ಬೇರೆ. ಮಗಳು ಮಾತು ಕಲಿತ ಮೇಲೆ ಹೊರಗಡೆ ಎಲ್ಲರಿಗೂ ಕೇಳುವ ಹಾಗೆ "ಅಮ್ಮಾ, ಹಾಲು ಬೇಕು" ಅನ್ನುತ್ತಿದ್ದಳು, ಅದಕ್ಕೆ ನಾವಿಬ್ಬರೂ ಒಂದು ಗುಟ್ಟಿನ ಪದ ಮಾಡಿಕೊಂಡೆವು. ಆ ಪದ ಹೇಳುವುದಿಲ್ಲ.

ನಿದ್ದೆಗೆಟ್ಟ ಅಮ್ಮ

ಎಲ್ಲರಿಗೂ ಥ್ಯಾಂಕ್ಸ್. ಒಂದು ಕೈಯಲ್ಲಿ ಬರೆಯುತ್ತಿದ್ದೇನೆ, ಇನ್ನೊಂದು ಕೈಯಲ್ಲಿ ಯಾರಿದ್ದಾರೆ ಅಂತ ಗೊತ್ತಲ್ಲ. ತಪ್ಪಿದ್ದರೆ ಸರಿಮಾಡಿಕೊಂಡು ಓದಿ.

ಡಬ್ಬಿ ಹಾಲಿನ ಅಮ್ಮ, ನಿಮ್ಮದನ್ನು ಮೂರು ಸಲ ಓದಿದೆ. ಆ ಪೋಸ್ಟರ್ ನೋಡಿ ನಾನು ನನ್ನ ಬಗ್ಗೆ ಮಾತ್ರ ಯೋಚಿಸಿದ್ದೆ. ಪಕ್ಕದ ಕುರ್ಚಿಯಲ್ಲಿ ಬಾಟಲಿ ಹಿಡಿದವರು ಕೂತಿದ್ದರೆ ಅವರಿಗೆ ಅದು ಹೇಗೆ ಕಾಣುತ್ತಿತ್ತು ಅಂತ ಹೊಳೆದಿರಲಿಲ್ಲ. ನರ್ಸ್ ಅಕ್ಕ ಹೇಳಿದ ಮುಷ್ಟಿಯ ವಿಷಯ ನೂರಕ್ಕೆ ನೂರು ಸರಿ. ಯಜಮಾನರಿಗೆ ರೈಲಿನ ಕಥೆ ಓದಿ ಹೇಳಿದೆ. ಏನೂ ಮಾತಾಡಲಿಲ್ಲ, ಆದರೆ ಇವತ್ತು ರಜೆ ಹಾಕಿ ಜೊತೆಗೆ ಬಂದರು.

ಹೌದು, ಅದೇ ಕಚೇರಿಗೆ ಮತ್ತೆ ಹೋಗಬೇಕಿತ್ತು, ಒಂದು ಸಹಿ ಬಾಕಿ ಇತ್ತು. ಅದೇ ಕುರ್ಚಿ, ಅದೇ ಪೋಸ್ಟರ್. ಮುಷ್ಟಿ ಬಾಯಿಗೆ ಹೋದ ತಕ್ಷಣ ಶುರು ಮಾಡಿದೆ. ಅಳು ಇಲ್ಲ, ಯಾರೂ ತಿರುಗಲಿಲ್ಲ. ಒಬ್ಬ ಅಜ್ಜ ಮಾತ್ರ ಎದ್ದು ಬೇರೆ ಕುರ್ಚಿಗೆ ಹೋದರು, ಹೋಗಲಿ. ಐದು ನಿಮಿಷಕ್ಕೆ ಆ ಸಿಬ್ಬಂದಿ ಬಂದರು. ಅವರು ಬಾಯಿ ತೆರೆಯುವ ಮುಂಚೆಯೇ "ಹತ್ತು ನಿಮಿಷ, ಮುಗಿಸಿ ಏಳುತ್ತೇನೆ" ಅಂದೆ. ದನಿ ನಡುಗಿತು, ಆದರೂ ಅಂದೆ. ಅವರು ಪಕ್ಕಕ್ಕೆ ನೋಡಿ "ನನಗೇನಿಲ್ಲ ಮೇಡಂ, ನಾನೂ ಎರಡು ಮಕ್ಕಳ ತಾಯಿ. ಮೇಲಿನವರು ನನ್ನನ್ನ ಕೇಳ್ತಾರೆ ಅಷ್ಟೇ" ಅಂತ ಹೇಳಿ ಹೋದರು.

ಹತ್ತು ನಿಮಿಷ ಇಪ್ಪತ್ತೈದು ಆಯಿತು. ಮಗು ಎದೆಯ ಮೇಲೆಯೇ ನಿದ್ದೆ ಹೋಯಿತು, ನನಗೂ ಕಣ್ಣು ಎಳೆಯಿತು, ಯಜಮಾನರು ಕಾಫಿ ತರಲು ಹೋಗಿದ್ದರು. ಅಷ್ಟರಲ್ಲಿ ನಮ್ಮ ಟೋಕನ್ ಕರೆದು ಮುಂದೆ ಹೋಗಿಬಿಟ್ಟಿದ್ದರು. ಗುರುವಾರ ಮತ್ತೆ ಹೋಗಬೇಕು.